ಮೊದಲ ನೆನಪಿಗೆ ಅರ್ಥ ಹೇಳುವ ಮುನ್ನ ವಯಸ್ಸು ಕೇಳಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ದಾವಣಗೆರೆಯಲ್ಲಿ ದಿನಪತ್ರಿಕೆಯ ಮಡಿಕೆಯಿಂದ ಶಿಬಿರಗಳ ಕರಪತ್ರ ಉದುರುತ್ತವೆ. ಈಜು, ಚಿತ್ರಕಲೆ, ಅಬಾಕಸ್ ಜೊತೆಗೆ ಈಗ ಸ್ವಭಾವ ಪರೀಕ್ಷೆಯೂ ಸೇರಿಕೊಂಡಿದೆ. 'ನಿಮ್ಮ ಮಗುವಿನ ಮೊಟ್ಟಮೊದಲ ನೆನಪು ಯಾವುದು? ಅದರಲ್ಲೇ ಅದರ ವ್ಯಕ್ತಿತ್ವ ಅಡಗಿದೆ' ಎಂಬ ಸಾಲು. ಮೊಬೈಲಿನಲ್ಲಿ ದೊಡ್ಡವರಿಗೂ ಇದೇ ಆಟ. ನೆನಪಿನಲ್ಲಿ ನೀರಿದ್ದರೆ ಅಂಜುಬುರುಕ, ಬಿದ್ದು ಎದ್ದದ್ದಿದ್ದರೆ ಸಾಹಸಿ, ಅಜ್ಜಿಯ ಮಡಿಲಿದ್ದರೆ ಇನ್ನೊಬ್ಬರನ್ನು ನೆಚ್ಚಿ ಬದುಕುವವ. ಗಿಣಿಶಾಸ್ತ್ರದವನ ಚೀಟಿ ಕೂಡ ಇಷ್ಟು ಖಡಾಖಂಡಿತವಾಗಿ ಮಾತಾಡುವುದಿಲ್ಲ.

ಮನಃಶಾಸ್ತ್ರ ಪಾಠ ಮಾಡುವ ಒಬ್ಬರು, ಆಪ್ತಸಮಾಲೋಚನೆ ಮಾಡುವ ಒಬ್ಬರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಮೊದಲ ನೆನಪಿಗೂ ಇವತ್ತಿನ ಮನುಷ್ಯನಿಗೂ ನಂಟು ಇದ್ದೇ ಇದೆ. ಆದರೆ ಅದು ಹರಿಯುವ ದಿಕ್ಕು ಕರಪತ್ರದವರು ಹೇಳುವುದಕ್ಕೆ ತಿರುಗುಮುರುಗು. ಆ ನೆನಪು ನಮ್ಮನ್ನು ರೂಪಿಸಿದ್ದು ಕಡಿಮೆ, ಇವತ್ತಿನ ನಾವು ಆ ನೆನಪನ್ನು ತಿದ್ದಿ ತೀಡಿ ಇಟ್ಟುಕೊಂಡದ್ದು ಹೆಚ್ಚು. ನಮ್ಮ ಮಾತನ್ನು ಸುಮ್ಮನೆ ನಂಬಬೇಕಿಲ್ಲ. ಒಂದು ಹಾಳೆ, ಒಂದು ಪೆನ್ನು, ಮನೆಯಲ್ಲಿ ನೆನಪು ಚುರುಕಾಗಿರುವ ಒಬ್ಬ ಹಿರಿಯರು ಇದ್ದರೆ ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಹೇಗೆಂದು ಮುಂದೆ ಹೇಳುತ್ತೇವೆ.

ಮೊದಲು ವಯಸ್ಸಿನ ವಿಚಾರ. ಅಮೆರಿಕದ ಕ್ಯಾರೊಲಿನ್ ಮೈಲ್ಸ್ 1893ರಲ್ಲಿ ಪ್ರಶ್ನಾವಳಿ ಹಂಚಿ ಮೊದಲ ನೆನಪು ಯಾವ ವಯಸ್ಸಿನದೆಂದು ಕೇಳಿದಾಗ ಬಂದ ಸರಾಸರಿ ಉತ್ತರ ಮೂರು ವರ್ಷದ ಆಸುಪಾಸು. ಆಮೇಲೆ ನಡೆದ ಅಧ್ಯಯನಗಳಲ್ಲೂ ಪಾಶ್ಚಾತ್ಯ ದೇಶಗಳ ದೊಡ್ಡವರ ಸರಾಸರಿ ಹೆಚ್ಚಾಗಿ ಮೂರರಿಂದ ಮೂರೂವರೆಯ ನಡುವೆಯೇ ನಿಂತಿದೆ. ಎಲ್ಲೆಡೆ ಹೀಗೇ ಎಂದುಕೊಳ್ಳಬಾರದು. ನ್ಯೂಜಿಲೆಂಡಿನಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮೊದಲ ನೆನಪು ಸರಾಸರಿ 32.6 ತಿಂಗಳಿನದು, ಯುರೋಪ್ ಮೂಲದವರದು 42.9 ತಿಂಗಳು, ಏಷ್ಯಾ ಮೂಲದವರದು 57.8 ತಿಂಗಳು. ದೇಶ ಒಂದೇ, ಪ್ರಶ್ನೆ ಒಂದೇ, ಅಂತರ ಮಾತ್ರ ಎರಡು ವರ್ಷಕ್ಕೂ ಮಿಕ್ಕು. ಮಾವೋರಿ ಮನೆಗಳಲ್ಲಿ ಹಿಂದಿನದನ್ನು ಮಕ್ಕಳ ಮುಂದೆ ಬಾಯಿತುಂಬ ಹೇಳುವ ರೂಢಿ ಗಟ್ಟಿಯಾಗಿದೆ ಎಂಬುದು ಸಂಶೋಧಕರು ಕೊಟ್ಟ ಕಾರಣ. ಅಂದರೆ ಮೊದಲ ನೆನಪು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದರಲ್ಲಿ ಮಗುವಿನ ಮೆದುಳಿನಷ್ಟೇ ಆ ಮನೆಯ ಜಗಲಿಮಾತಿಗೂ ಪಾಲಿದೆ.

ಎರಡು ವರ್ಷಕ್ಕಿಂತ ಹಿಂದಿನದು ನೆನಪಿದೆ ಎನ್ನುವವರು ಕಡಿಮೆಯೇನಲ್ಲ. ಬ್ರಿಟನ್ನಿನಲ್ಲಿ 2018ರಲ್ಲಿ 6,641 ಜನರ ಉತ್ತರ ಕಲೆಹಾಕಿದಾಗ ಶೇಕಡಾ 38.6ರಷ್ಟು ಮಂದಿ ಎರಡು ವರ್ಷ ಅಥವಾ ಅದಕ್ಕೂ ಮುಂಚಿನ ನೆನಪು ಹೇಳಿದರು. ಅವರಲ್ಲಿ 893 ಮಂದಿಯದು ಒಂದು ವರ್ಷ ಅಥವಾ ಅದಕ್ಕಿಂತ ಹಿಂದಿನದು. ತೊಟ್ಟಿಲಿನ, ತಳ್ಳುಗಾಡಿಯ ನೆನಪುಗಳು. ಇವರು ಸುಳ್ಳು ಹೇಳುತ್ತಿದ್ದರು ಎಂದು ಸಂಶೋಧಕರು ಹೇಳಲಿಲ್ಲ. ಫೋಟೊ, ಮನೆಮಾತು, ತಾನೇ ಕಟ್ಟಿಕೊಂಡ ಚಿತ್ರ ಎಲ್ಲ ಕಲೆತು ನೆನಪಿನ ಬಣ್ಣ ಪಡೆದಿರಬೇಕು ಎಂದರು.

ಹಾಗಾದರೆ ನಿಜವಾದದ್ದು ಉಳಿಯುವುದಿಲ್ಲ ಏಕೆ? ಘಟನೆಗಳನ್ನು ಜೋಡಿಸಿ ಇಡುವ ಹಿಪೊಕ್ಯಾಂಪಸ್ ಎಂಬ ಭಾಗ ಮಗುವಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಅಲ್ಲಿ ಹೊಸ ನರಕೋಶಗಳು ಹುಟ್ಟುವ ವೇಗ ಹೆಚ್ಚಿದ್ದಾಗ ಹಳೆಯ ನೆನಪು ಬೇಗ ಅಳಿಯುತ್ತದೆಂದು 2014ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಇದು ಇಲಿಯ ಮಾತು, ಮನುಷ್ಯನಿಗೆ ನೇರವಾಗಿ ಹಚ್ಚಲಾಗದು. ಇನ್ನೊಂದು ಕಾರಣ ಭಾಷೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು-ಮೂರು ವರ್ಷದ ಮಕ್ಕಳಿಗೆ ಒಂದು ಪೆಟ್ಟಿಗೆ ತೋರಿಸಿದರು. ದೊಡ್ಡ ಆಟಿಕೆ ಹಾಕಿ ಹಿಡಿಕೆ ತಿರುಗಿಸಿದರೆ ಅದೇ ಆಟಿಕೆ ಚಿಕ್ಕದಾಗಿ ಹೊರಬರುವ ಪೆಟ್ಟಿಗೆ. ಆರು ತಿಂಗಳು, ಒಂದು ವರ್ಷದ ಬಳಿಕ ಕೇಳಿದಾಗ ಮಕ್ಕಳು ಕೈಯಿಂದ ಮಾಡಿ ತೋರಿಸಿದರು, ಫೋಟೊ ಗುರುತಿಸಿದರು. ಅಷ್ಟರಲ್ಲಿ ಎಷ್ಟೋ ಹೊಸ ಪದ ಕಲಿತಿದ್ದರೂ ಆ ದಿನ ಬಾಯಲ್ಲಿ ಇಲ್ಲದಿದ್ದ ಪದದಿಂದ ಅದನ್ನು ವಿವರಿಸಲು ಒಂದು ಮಗುವಿಗೂ ಆಗಲಿಲ್ಲ. ಆದ್ದರಿಂದ ಒಂದೂವರೆ ವರ್ಷದ ನೆನಪನ್ನು ಯಾರಾದರೂ ಸಂಭಾಷಣೆ ಸಮೇತ ಹೇಳುತ್ತಿದ್ದರೆ ಆ ಮಾತು ಎಲ್ಲಿಂದ ಬಂತೆಂದು ಕೇಳುವುದು ತಪ್ಪಲ್ಲ.

ಮೂರನೆಯದು ನಿಧಾನವಾಗಿ ಕರಗುವುದು. ಮೂರು ವರ್ಷದ ಮಕ್ಕಳು ತಾಯಂದಿರ ಜೊತೆ ಮಾತಾಡಿದ ಘಟನೆಗಳನ್ನು ದಾಖಲಿಸಿಟ್ಟು, ಬೇರೆ ಬೇರೆ ವಯಸ್ಸಿನಲ್ಲಿ ಮತ್ತೆ ಕೇಳಿದ ಅಧ್ಯಯನ 2014ರಲ್ಲಿ ಬಂತು. ಐದರಿಂದ ಏಳು ವರ್ಷದ ಮಕ್ಕಳಿಗೆ ಅರ್ಧಕ್ಕಿಂತ ಬಹಳ ಹೆಚ್ಚು ನೆನಪಿತ್ತು, ಎಂಟು-ಒಂಬತ್ತಕ್ಕೆ ಅದು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿದಿತ್ತು. ಇದನ್ನು ನಮ್ಮ ಕಡೆಗೆ ತಂದು ನೋಡಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಮಾರಿಕಣಿವೆಯ ನೀರು ನೋಡಲು ಜಿಲ್ಲೆಗೆ ಜಿಲ್ಲೆಯೇ ಹೋಯಿತು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು. ಆಗ ಮೂರು ತುಂಬಿದ್ದ ಮಕ್ಕಳು ಒಬ್ಬೊಬ್ಬರಾಗಿ ಈ ಕರಗುವ ವಯಸ್ಸನ್ನು ದಾಟುವವರು. ಮನೆಮಂದಿ ಸುಮ್ಮನಿದ್ದರೆ ಆ ನೀರು ಅವರ ತಲೆಯಿಂದ ಇಂಗಿಹೋಗಬಹುದು. ಪ್ರತಿ ವರ್ಷ ಮೊಬೈಲಿನ ವಿಡಿಯೊ ತೋರಿಸುತ್ತಿದ್ದರೆ ನೆನಪು ಉಳಿಯುತ್ತದೆ, ಆದರೆ ಯಾವುದರ ನೆನಪು? ಬಹುಪಾಲು ವಿಡಿಯೊದ್ದು.

ಇನ್ನು ಹಾಳೆಯ ಕೆಲಸ.

ಒಬ್ಬೊಬ್ಬರೇ ಕೂತು ಬರೆಯಬೇಕು. ಶಿಬಿರಗಳಲ್ಲಿ ಮಾಡುವ ಮೊದಲ ತಪ್ಪೇ ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ ಬಾಯಲ್ಲಿ ಹೇಳಿಸುವುದು. ಮೊದಲಿಬ್ಬರು 'ಬಿದ್ದು ಹಲ್ಲು ಮುರೀತು' ಅಂದರೆ ಮೂರನೆಯವನಿಗೂ ತಾನು ಬಿದ್ದದ್ದೇ ನೆನಪಾಗುತ್ತದೆ. ಹದಿನೈದು ನಿಮಿಷ ಸಾಕು. ಒಂದೇ ನೆನಪು ಬರೆದು ನಿಲ್ಲಿಸಬೇಡಿ, ಐದಾರು ಬರೆಯಿರಿ. ಪ್ರತಿಯೊಂದೂ ಒಂದು ದಿನ, ಒಂದು ಜಾಗ, ಒಂದು ಘಟನೆಯದಾಗಿರಬೇಕು. 'ದಿನಾ ಅಜ್ಜನ ಜೊತೆ ಹೊಲಕ್ಕೆ ಹೋಗುತ್ತಿದ್ದೆ' ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನೂರು ದಿನಗಳನ್ನು ಬೆರೆಸಿ ಮಾಡಿದ ಹದ ಅದು. ಮೊದಲು ಕಂಡದ್ದು, ಕೇಳಿಸಿದ್ದು, ಮುಟ್ಟಿದ್ದು ಬರೆಯಿರಿ. ಅನಿಸಿಕೆ ಆಮೇಲೆ. ವಯಸ್ಸು ಎಲ್ಲಕ್ಕಿಂತ ಕೊನೆಗೆ. ಮೊದಲೇ ವಯಸ್ಸು ಬರೆದರೆ ಕೈ ಆ ವಯಸ್ಸಿಗೆ ತಕ್ಕಂತೆ ಕತೆ ಹೊಂದಿಸತೊಡಗುತ್ತದೆ.

ಬರೆದಾದ ಮೇಲೆ ಪ್ರತಿ ವಾಕ್ಯದ ಮುಂದೆ ಒಂದು ಅಕ್ಷರ ಹಾಕಿ. ಸ್ವಂತ ಕಂಡದ್ದಾದರೆ 'ಸ್ವ', ಇನ್ನೊಬ್ಬರು ಹೇಳಿದ್ದಾದರೆ 'ಕೇ', ಫೋಟೊ ಅಥವಾ ವಿಡಿಯೊ ಆದರೆ 'ಫೋ', ಹೀಗೇ ಇದ್ದಿರಬೇಕು ಎಂಬ ಲೆಕ್ಕಾಚಾರವಾದರೆ 'ಊ'. ಇಡೀ ನೆನಪಿಗೆ ಒಂದೇ ಅಕ್ಷರ ಹಾಕಿದರೆ ಪ್ರಯೋಜನವಿಲ್ಲ. ಉದಾಹರಣೆಗೆಂದು ಒಂದು ಹಾಳೆ ಬರೆದು ತೋರಿಸುತ್ತೇವೆ:

'ಮಂಡಕ್ಕಿ ಭಟ್ಟಿಯ ಬಾಯಿ ಕೆಂಪಗೆ ಉರಿಯುತ್ತಿತ್ತು (ಸ್ವ). ಕಾದ ಮರಳಿಗೆ ಅಕ್ಕಿ ಬೀಳುತ್ತಲೇ ಚಟಚಟ ಸದ್ದು (ಸ್ವ). ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದರು (ಕೇ). ನಾನು ಹೆದರಿ ಕಿರುಚಿದೆ (ಕೇ). ನೀಲಿ ಸ್ವೆಟರ್ ಹಾಕಿದ್ದೆ (ಫೋ). ಚಳಿಗಾಲವಿರಬೇಕು (ಊ). ಆಗ ನನಗೆ ಎರಡು ವರ್ಷ (ಊ).'

ಏಳು ವಾಕ್ಯಗಳಲ್ಲಿ ಸ್ವಂತದ್ದು ಎರಡೇ: ಕೆಂಪು ಬಾಯಿ, ಚಟಚಟ ಸದ್ದು. ಶಿಬಿರದವರು ಹಿಡಿದುಕೊಳ್ಳುವುದು ಯಾವುದನ್ನು? ಹೆದರಿ ಕಿರುಚಿದ್ದನ್ನು. ಈ ಮನುಷ್ಯ ಅಂಜುಬುರುಕ ಎಂದು ಬರೆದುಬಿಡುತ್ತಾರೆ. ಆದರೆ ಹೆದರಿಕೆಯ ವಾಕ್ಯ ಅವರ ಅಮ್ಮನದು. ಮದುವೆ ಮುಂಜಿಗಳಲ್ಲಿ ಇಪ್ಪತ್ತು ಸಲ ಹೇಳಿ ನಕ್ಕಿರುವ ಮಾತು. ಬಹುಶಃ ಆ ಮಗು ಹೆದರಿದ್ದೂ ನಿಜವೇ ಇರಬಹುದು. ಆದರೆ ಆ ಮಗುವಿನ ಒಳಗಿನಿಂದ ಉಳಿದು ಬಂದದ್ದು ಬೆಂಕಿಯ ಬಣ್ಣ ಮತ್ತು ಅಕ್ಕಿ ಅರಳುವ ಸದ್ದು ಮಾತ್ರ.

ಫೋಟೊದ ವಿಚಾರದಲ್ಲಿ ಜವಳದ ಉದಾಹರಣೆ ಎಲ್ಲರಿಗೂ ತಿಳಿಯುತ್ತದೆ. ಜವಳ ತೆಗೆಸುವುದು ಸಾಮಾನ್ಯವಾಗಿ ಒಂದನೇ ಅಥವಾ ಮೂರನೇ ವರ್ಷದಲ್ಲಿ. ಬೋಳುತಲೆಗೆ ಗಂಧ ಹಚ್ಚಿಸಿಕೊಂಡು ಸೋದರಮಾವನ ತೊಡೆಯ ಮೇಲೆ ಅಳುತ್ತಿರುವ ಚಿತ್ರ ಆಲ್ಬಮ್ಮಿನಲ್ಲಿ ಇದ್ದೇ ಇರುತ್ತದೆ. 'ನನ್ನ ಜವಳ ನೆನಪಿದೆ' ಎನ್ನುವವರನ್ನು ಒಂದು ಪ್ರಶ್ನೆ ಕೇಳಿ: ಆ ದೃಶ್ಯದಲ್ಲಿ ನಿಮ್ಮ ಮುಖ ನಿಮಗೆ ಕಾಣುತ್ತದೆಯೇ, ಕ್ಷೌರಿಕನ ಮುಖವೇ? ತನ್ನ ಮುಖವೇ ಕಾಣುತ್ತಿದ್ದರೆ ಕ್ಯಾಮೆರಾ ಇದ್ದ ಕಡೆ ಅನುಮಾನಪಡಿ. ಇದೊಂದರಿಂದಲೇ ತೀರ್ಪು ಕೊಡಬೇಡಿ. ಹಳೆಯ ನಿಜವಾದ ನೆನಪುಗಳೂ ಕಾಲ ಕಳೆದಂತೆ ಹೊರಗಿನಿಂದ ನೋಡಿದಂತೆ ಆಗುತ್ತವೆ ಎಂದು 1983ರಷ್ಟು ಹಿಂದೆಯೇ ಮನಃಶಾಸ್ತ್ರಜ್ಞರಾದ ನಿಗ್ರೊ ಮತ್ತು ನೈಸರ್ ಬರೆದಿದ್ದಾರೆ. ಫೋಟೊಗೆ ಎಷ್ಟು ಬಲ ಎಂದರೆ, 2002ರ ಒಂದು ಪ್ರಯೋಗದಲ್ಲಿ ಇಪ್ಪತ್ತು ಮಂದಿಗೆ ಅವರ ಬಾಲ್ಯದ ಮುಖವನ್ನು ಬಿಸಿಗಾಳಿ ಬಲೂನಿನ ಬುಟ್ಟಿಯಲ್ಲಿ ಅಂಟಿಸಿದ ಚಿತ್ರ ತೋರಿಸಿದರು. ಅವರಾರೂ ಬಲೂನು ಹತ್ತಿದವರಲ್ಲ. ಮೂರನೇ ಭೇಟಿಯ ಹೊತ್ತಿಗೆ ಅರ್ಧದಷ್ಟು ಜನ ಆ ಹಾರಾಟದ ಬಗ್ಗೆ ಏನಾದರೂ ನೆನಪು ಹೇಳಿದರು.

ಫೋಟೊ ಇಲ್ಲದೆ ಬರಿ ಮಾತೂ ಸಾಕು. ಮಕ್ಕಳ ಬುದ್ಧಿಯ ಬೆಳವಣಿಗೆ ಕುರಿತು ಜಗತ್ತಿಗೇ ಪಾಠ ಹೇಳಿದ ಜೀನ್ ಪಿಯಾಜೆಗೆ, ಪ್ಯಾರಿಸ್ಸಿನ ಬೀದಿಯಲ್ಲಿ ತಳ್ಳುಗಾಡಿಯಿಂದ ತನ್ನನ್ನು ಅಪಹರಿಸಲು ಬಂದವನನ್ನು ದಾದಿ ತಡೆದದ್ದು, ಅವಳ ಮುಖದ ಗೀರುಗಾಯ ಎಲ್ಲ ಸ್ಪಷ್ಟವಾಗಿ ನೆನಪಿತ್ತು. ಅವರಿಗೆ ಹದಿನೈದು ವರ್ಷವಿದ್ದಾಗ ದಾದಿ ಪತ್ರ ಬರೆದು, ಅದೆಲ್ಲ ತಾನು ಕಟ್ಟಿದ ಕತೆ ಎಂದು ಒಪ್ಪಿಕೊಂಡು, ಬಹುಮಾನವಾಗಿ ಪಡೆದಿದ್ದ ಗಡಿಯಾರ ಹಿಂತಿರುಗಿಸಿದಳು. ಚಿತ್ರದುರ್ಗದ ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿಯಲ್ಲಿ ನುಸುಳಿದ 'ಮೊದಲ ನೆನಪು' ಹೇಳುವವರೂ ಇಷ್ಟೇ ಎಚ್ಚರ ವಹಿಸಬೇಕು. ಮನೆಯವರ ಜೊತೆ ಹೋದದ್ದು, ಶಾಲೆಯ ಪ್ರವಾಸ, ಪಾಠದ ಚಿತ್ರ, ಸಿನಿಮಾದ ದೃಶ್ಯ ಎಲ್ಲ ಆ ಕಿಂಡಿಯಲ್ಲೇ ಒಂದರ ಹಿಂದೊಂದು ನುಸುಳಿರುತ್ತವೆ.

ಅಕ್ಷರ ಹಾಕಿದ ಹಾಳೆಯನ್ನು ಮಡಚಿಟ್ಟು, ಈಗ ವಯಸ್ಸು ಹಿಡಿಯಬೇಕು. ಅತಿ ಹೆಚ್ಚು ಎಡವುವುದು ಇಲ್ಲಿಯೇ, ನಮ್ಮ ಭಾಗದಲ್ಲಂತೂ ಎರಡು ಕಡೆಯಿಂದ ಎಡವುತ್ತಾರೆ.

ಒಂದು, ಹುಟ್ಟಿದ ದಿನವೇ ತಪ್ಪಿರುತ್ತದೆ. ನಡುವಯಸ್ಸು ದಾಟಿದವರಲ್ಲಿ ಎಷ್ಟೋ ಜನರದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1. ಆ ತಾರೀಕು ಇಟ್ಟುಕೊಂಡು ಮೂರು ವರ್ಷ ಎರಡು ತಿಂಗಳು ಎಂದು ಲೆಕ್ಕ ಹಾಕುವುದು ಸುಮ್ಮನೆ ನಗೆಪಾಟಲು. ಜನನ ನೋಂದಣಿ, ಆಸ್ಪತ್ರೆಯ ಚೀಟಿ, ಈಗಿನ ಮಕ್ಕಳಿಗಾದರೆ ತಾಯಿ ಕಾರ್ಡ್ ನೋಡಿ. ಅದೂ ಇಲ್ಲದಿದ್ದರೆ ಅಜ್ಜಿ ಹೇಳುವ ಸಂವತ್ಸರ ಹಿಡಿಯಿರಿ. ಸಂವತ್ಸರ ಬದಲಾಗುವುದು ಯುಗಾದಿಗೆ. ಜನವರಿಯಿಂದ ಯುಗಾದಿವರೆಗೆ ಹುಟ್ಟಿದವರದು ಹಿಂದಿನ ಸಂವತ್ಸರ. ರೌದ್ರಿ 1980ರ ಯುಗಾದಿಗೆ ಶುರುವಾಯಿತು, ಆದ್ದರಿಂದ 1980ರ ಫೆಬ್ರವರಿಯ ಮಗು ಸಿದ್ಧಾರ್ಥಿಯದು. ಇಲ್ಲಿ ಒಂದು ವರ್ಷ ಆಚೀಚೆ ಆದರೆ ಎರಡು ವರ್ಷದ ನೆನಪು ಮೂರಕ್ಕೆ ಜಿಗಿಯುತ್ತದೆ.

ಇನ್ನೊಂದು, ಘಟನೆಯ ತಾರೀಕು. ಮನಸ್ಸು ತೀರ ಚಿಕ್ಕಂದಿನ ಘಟನೆಗಳನ್ನು ಮುಂದಕ್ಕೆ ಎಳೆದು, ಇನ್ನೂ ದೊಡ್ಡವನಾದಾಗ ನಡೆದಂತೆ ಲೆಕ್ಕ ಹಾಕುತ್ತದೆ ಎಂದು ಕೆನಡಾದ ಕ್ಯಾರೊಲ್ ಪೀಟರ್ಸನ್ ತೋರಿಸಿದ್ದಾರೆ. ತೀರ ಹಿಂದಕ್ಕೆ ತಳ್ಳುವವರಿದ್ದಾರೆ, ಮುಂದಕ್ಕೆ ಎಳೆಯುವವರೂ ಇದ್ದಾರೆ, ಹೀಗಾಗಿ ಅಂದಾಜಿನ ಮೇಲೆ ಬಿಡದೆ ಗೂಟಕ್ಕೆ ಕಟ್ಟಬೇಕು. ಒಳ್ಳೆಯ ಗೂಟ ಎಂದರೆ ಒಂದೇ ಸಲ ನಡೆದು, ತಾರೀಕು ಎಲ್ಲರಿಗೂ ಗೊತ್ತಿರುವುದು. 1980ರ ಫೆಬ್ರವರಿ 16ರ ಸೂರ್ಯಗ್ರಹಣ, ಹಗಲಲ್ಲೇ ಬಾಗಿಲು ಹಾಕಿಕೊಂಡು ಜನ ಒಳಗೆ ಕೂತದ್ದು. 1984ರ ಅಕ್ಟೋಬರ್ 31, ಇಂದಿರಾ ಗಾಂಧಿ ಹತ್ಯೆಯ ಸುದ್ದಿ. 1995ರ ಸೆಪ್ಟೆಂಬರ್ 21, ಗಣಪ ಹಾಲು ಕುಡಿದನೆಂದು ಚೊಂಬು ಹಿಡಿದು ಗುಡಿ ಮುಂದೆ ಸಾಲುಗಟ್ಟಿದ್ದು. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾದದ್ದು. 2000ದ ಜುಲೈ 30ರಿಂದ 108 ದಿನ, ರಾಜ್‌ಕುಮಾರ್ ಅಪಹರಣ. 2020ರ ಮಾರ್ಚ್ ಕೊನೆಯ ಲಾಕ್‌ಡೌನ್, ಬೀದಿಗಳೆಲ್ಲ ಬಿಕೋ ಎಂದದ್ದು. ನಾಯಕನಹಟ್ಟಿಯ ತೇರು ಗೂಟಕ್ಕೆ ಬಾರದು. ಪ್ರತಿ ವರ್ಷ ಬರುವುದರಿಂದ ಒಂದು ವರ್ಷದ ಜನಜಂಗುಳಿ ಇನ್ನೊಂದರೊಳಗೆ ಸೇರಿಹೋಗುತ್ತದೆ. ದಾವಣಗೆರೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದು ಸ್ವಲ್ಪ ವಾಸಿ, ಆದರೆ ತಪ್ಪಿದರೆ ತಪ್ಪು ನೇರ ಎರಡು ವರ್ಷದ್ದು.

ಎಲ್ಲಕ್ಕಿಂತ ಗಟ್ಟಿ ಗೂಟ ತಮ್ಮ ಅಥವಾ ತಂಗಿ ಹುಟ್ಟಿದ್ದು. ತಾರೀಕು ಖಚಿತ, ಸಾಕ್ಷಿಗೆ ಜನ ಇರುತ್ತಾರೆ. ಅಮೆರಿಕದ ಅಶರ್ ಮತ್ತು ನೈಸರ್ 1993ರಲ್ಲಿ 222 ವಿದ್ಯಾರ್ಥಿಗಳನ್ನು ಕೇಳಿದ್ದು ಇಂಥವನ್ನೇ. ತಮ್ಮ-ತಂಗಿ ಹುಟ್ಟಿದ್ದು, ತಾನು ಆಸ್ಪತ್ರೆ ಸೇರಿದ್ದು ಎರಡನೇ ವಯಸ್ಸಿನಿಂದಲೂ ಕೆಲವರಿಗೆ ನೆನಪಿತ್ತು. ಮನೆ ಬದಲಿಸಿದ್ದು, ಮನೆಯಲ್ಲಿ ಸಾವಾದದ್ದು ಮೂರನೇ ವಯಸ್ಸಿನಿಂದ ಮಾತ್ರ. ಹಿರಿಯರನ್ನು ಕೇಳುವಾಗ 'ನಾನು ಭಟ್ಟಿ ನೋಡಿ ಹೆದರಿದ್ದೆನಲ್ಲ?' ಎಂದು ಕೇಳಿದರೆ ಕೆಲಸ ಕೆಟ್ಟಿತು, ಅವರು ಹೌದೆಂದುಬಿಡುತ್ತಾರೆ. 'ನನ್ನನ್ನು ಮಂಡಕ್ಕಿ ಭಟ್ಟಿಗೆ ಕರಕೊಂಡು ಹೋದದ್ದು ಯಾವಾಗ? ಆಗ ನಾವು ಯಾವ ಮನೆಯಲ್ಲಿದ್ದೆವು? ತಮ್ಮ ಹುಟ್ಟಿದ್ದನೋ ಇಲ್ಲವೋ?' ಇಷ್ಟೇ ಕೇಳಿ ಸುಮ್ಮನಾಗಬೇಕು. ಇಬ್ಬರು ಹಿರಿಯರಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಕೇಳಿ, ಒಬ್ಬರ ಎದುರು ಇನ್ನೊಬ್ಬರನ್ನು ಬೇಡ.

ಆರು ತಿಂಗಳು ಬಿಟ್ಟು ಹಳೆಯ ಹಾಳೆ ನೋಡದೆ ಮತ್ತೆ ಬರೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗಲೇ ಮೊದಲ ನೆನಪು ನಮ್ಮ ಬಗ್ಗೆ ಹೇಳುವ ನಿಜವಾದ ಮಾತು ಹೊರಬೀಳುವುದು. ಯಾವ ವಾಕ್ಯ ಅಲುಗದೆ ನಿಂತಿದೆ, ಯಾವುದು ಬಿದ್ದುಹೋಗಿದೆ, ಹೊಸದಾಗಿ ಯಾವುದು ಬಂದು ಸೇರಿದೆ, ಮುಖ್ಯವಾಗಿ ಅನಿಸಿಕೆಯ ವಾಕ್ಯ ಹೇಗೆ ಬದಲಾಗಿದೆ. ಅಪ್ಪ ತೀರಿಕೊಂಡ ವರ್ಷ ಬರೆದರೆ ಅಪ್ಪನ ಹೆಗಲು ನೆನಪಿನ ನಡುವೆ ಬರಬಹುದು. ಕೆಲಸ ಹೋದ ತಿಂಗಳು ಬರೆದರೆ ಕಿರುಚಿದ್ದು ಮುಂದೆ ಬರಬಹುದು. ಖಿನ್ನತೆಯಲ್ಲಿ ಇರುವವರು ಒಂದು ನಿರ್ದಿಷ್ಟ ದಿನವನ್ನು ಹೇಳಲು ಕಷ್ಟಪಟ್ಟು 'ಯಾವಾಗಲೂ ಒಬ್ಬನೇ ಇರುತ್ತಿದ್ದೆ' ಎಂಬಂಥ ಒಟ್ಟಾರೆ ಮಾತು ಹೇಳುವುದು ಹೆಚ್ಚು ಎಂಬುದು 1980ರ ದಶಕದಿಂದ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಬಾಲ್ಯ ಅದೇ ಇದೆ. ಈಗಿನ ಮನಸ್ಸು ಅದರಲ್ಲಿ ಕೈಹಾಕಿ ತೆಗೆಯುವ ತುಂಡು ಬೇರೆ.

ಆಸ್ಟ್ರಿಯಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕರಪತ್ರದವರ ತಂತ್ರಕ್ಕೆ ಬೇರು ಆಡ್ಲರ್ ಮಾತಿನಲ್ಲೇ ಇದೆಯಾದರೂ ಬೇರನ್ನು ತಲೆಕೆಳಗಾಗಿ ನೆಟ್ಟಿದ್ದಾರೆ. ಮನುಷ್ಯ ತನ್ನ ಈಗಿನ ಜೀವನದೃಷ್ಟಿಗೆ ಒಪ್ಪುವ ನೆನಪನ್ನೇ ಆರಿಸಿಕೊಳ್ಳುತ್ತಾನೆ, ದೃಷ್ಟಿ ಬದಲಾದರೆ ಹೇಳುವ ನೆನಪೂ ಬದಲಾಗುತ್ತದೆ ಎಂಬುದು ಆಡ್ಲರ್ ವಾದ. ನೆನಪು ನಿಜವೋ ಕಲ್ಪಿತವೋ ಎಂಬುದು ಕೂಡ ಅವರಿಗೆ ಅಷ್ಟು ಮುಖ್ಯವಾಗಿರಲಿಲ್ಲ. ಜೊತೆಗೆ ಒಂದು ನೆನಪನ್ನು ಆ ವ್ಯಕ್ತಿಯ ಉಳಿದ ಬದುಕಿನ ಪಕ್ಕದಲ್ಲಿಟ್ಟೇ ಓದಬೇಕೆಂದರು. ನೀರಿದ್ದರೆ ಇದು, ಬೆಂಕಿಯಿದ್ದರೆ ಅದು ಎಂಬ ಕೋಷ್ಟಕಕ್ಕೆ ಅಲ್ಲಿ ಜಾಗವಿಲ್ಲ. ಸಮಾಲೋಚನೆಯಲ್ಲಿ ನಾವೂ ಮೊದಲ ನೆನಪು ಕೇಳುವುದುಂಟು, ಮಾತು ತೆಗೆಯಲು ಅದೊಂದು ಒಳ್ಳೆಯ ಬಾಗಿಲು. ಬಾಗಿಲನ್ನೇ ಮನೆ ಎಂದು ಅಳೆದು ಕೊಡುವವರ ಬಗ್ಗೆ ನಮ್ಮ ತಕರಾರು.

ಮಕ್ಕಳ ವಿಷಯದಲ್ಲಂತೂ ಕರಪತ್ರದವರ ಪರೀಕ್ಷೆಗೆ ನಿಲ್ಲಲು ಕಾಲೇ ಇಲ್ಲ. ಪೀಟರ್ಸನ್ ತಂಡ 4ರಿಂದ 13 ವರ್ಷದ 140 ಮಕ್ಕಳ ಮೊದಲ ನೆನಪುಗಳನ್ನು ಕೇಳಿ ಬರೆದುಕೊಂಡು, ಎರಡು ವರ್ಷ ಬಿಟ್ಟು ಮತ್ತೆ ಕೇಳಿತು. ಆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಚಿಕ್ಕ ಮಕ್ಕಳಲ್ಲಿ ಬಹುತೇಕರು ಬೇರೆಯದನ್ನೇ ಹೇಳಿದರು. ಹಿಂದೆ ತಾವೇ ಹೇಳಿದ್ದನ್ನು ಎತ್ತಿ ಹೇಳಿದರೂ ಹಲವರಿಗೆ ಗುರುತು ಹತ್ತಲಿಲ್ಲ. ಹತ್ತು ವರ್ಷ ದಾಟಿದವರಲ್ಲಿ ಮಾತ್ರ ನೆನಪು ಒಂದಿಷ್ಟು ನೆಲೆಗೊಂಡಿತ್ತು. ಅಂದಮೇಲೆ ಎರಡನೇ ತರಗತಿಯ ಹುಡುಗಿಯ 'ಮೊದಲ ನೆನಪು' ನೋಡಿ ಸ್ವಭಾವ ಬರೆದು ಲ್ಯಾಮಿನೇಟ್ ಮಾಡಿ ಕೊಡುವ ಪ್ರಮಾಣಪತ್ರ ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಯಾರದೋ ಹುಡುಗಿಯದಾಗಿರುತ್ತದೆ. ಅಪ್ಪ ಅಮ್ಮ ಅದನ್ನು ಗೋಡೆಗೆ ಹಾಕಿ 'ಇವಳು ಮೊದಲಿಂದಲೂ ಪುಕ್ಕಲಿ' ಎಂದು ಬಂದವರಿಗೆಲ್ಲ ಹೇಳುತ್ತ ಹೋದರೆ ಮುಂದೆ ಆ ಮಾತೇ ಅವಳ ನೆನಪಿಗೆ 'ಕೇ' ಅಕ್ಷರವಾಗಿ ಸೇರಿಕೊಳ್ಳುತ್ತದೆ. ನಮಗೆ ಇರುವ ಹೆದರಿಕೆ ಇದೊಂದೇ.

ಮಕ್ಕಳಿಗೆ ಉಪಯೋಗಕ್ಕೆ ಬರುವುದು ಮನೆಯಲ್ಲಿ ಹಿಂದಿನದನ್ನು ಮಾತಾಡುವ ರೀತಿ. ಜಾತ್ರೆಯಿಂದ ಬಂದ ಮಾರನೇ ದಿನ ಒಂದು ಮನೆಯಲ್ಲಿ ಹೀಗೆ ಕೇಳುತ್ತಾರೆ ಅಂದುಕೊಳ್ಳಿ: 'ತೊಟ್ಲಾಗೆ ಕುಂತು ಅತ್ತೆ ಹೌದಿಲ್ಲೊ? ಕೆಂಪು ಬಲೂನ್ ಕೊಡಿಸಿದ್ವಿ ಹೌದಿಲ್ಲೊ?' ಮಗು 'ಹ್ಞೂಂ' ಅನ್ನುತ್ತದೆ. ಅಳುವೂ ಬಲೂನೂ ದೊಡ್ಡವರದು, ಮಗುವಿನದು ಹ್ಞೂಂ ಮಾತ್ರ. ಪಕ್ಕದ ಮನೆಯ ಅಜ್ಜಿ ಹೀಗೆ ಕೇಳುತ್ತಾರೆ:

'ಜಾತ್ರೇಲಿ ಏನೇನ್ ನೋಡ್ದಿ?'

'ತೊಟ್ಲು.'

'ಹೆಂಗಿತ್ತು ತೊಟ್ಲು?'

'ದೊಡ್ದು. ಕಿರ್ ಅಂತಿತ್ತು.'

'ಆಮ್ಯಾಲೆ?'

'ಅಜ್ಜ ಟೋಪಿ ಹಿಡ್ಕಂಡ.'

ಆ ಕಿರ್ ಸದ್ದು, ಆ ಟೋಪಿ ಯಾವ ಫೋಟೊದಲ್ಲೂ ಇರುವುದಿಲ್ಲ. 'ಏನು, ಹೇಗೆ, ಆಮೇಲೆ' ಎಂಬ ತೆರೆದ ಪ್ರಶ್ನೆ ಕೇಳಿ, ಮಗು ಹೇಳಿದ ಪದವನ್ನೇ ಹಿಡಿದು ಮುಂದುವರಿಸುವ ತಾಯಂದಿರ ಮಕ್ಕಳು ಬೆಳೆದಂತೆ ಹೆಚ್ಚು ವಿವರವಾಗಿ ನೆನಪು ಹೇಳುತ್ತಾರೆ ಎಂಬುದು ನ್ಯೂಜಿಲೆಂಡ್, ಅಮೆರಿಕ ಎರಡೂ ಕಡೆ ವರ್ಷಗಟ್ಟಲೆ ನಡೆದ ಅಧ್ಯಯನಗಳ ತಿರುಳು. ಮಗು ತಪ್ಪು ಹೇಳಿದರೆ ತಕ್ಷಣ ತಿದ್ದಬೇಡಿ. ಅಂದೇ ರಾತ್ರಿ ಅದರ ಮಾತನ್ನು ಅದರದೇ ಪದಗಳಲ್ಲಿ, ತಾರೀಕು ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳಿಗೆ ಒಂದು ಪುಟ ಸಾಕು. ಇಪ್ಪತ್ತು ವರ್ಷದ ಮೇಲೆ ಅವರು ಹೇಳುವ ಮೊದಲ ನೆನಪನ್ನು ತಾಳೆ ನೋಡಲು ಮೊಬೈಲಿನ ಸಾವಿರ ಫೋಟೊಗಿಂತ ಅದು ಕೆಲಸಕ್ಕೆ ಬರುತ್ತದೆ.

ಒಂದು ಆಕ್ಷೇಪ ಬಂದೇ ಬರುತ್ತದೆ: ನೆನಪಿಲ್ಲದಿದ್ದರೂ ಬಾಲ್ಯದ ಪರಿಣಾಮ ಇರುವುದಿಲ್ಲವೇ? ಖಂಡಿತ ಇರುತ್ತದೆ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಎಡ್ವಾರ್ ಕ್ಲಾಪಾರೆಡ್ 1911ರಲ್ಲಿ ಬರೆದ ಪ್ರಸಂಗ ಪ್ರಸಿದ್ಧ. ಹೊಸದೇನನ್ನೂ ನೆನಪಿಡಲಾಗದ ಒಬ್ಬ ರೋಗಿಯ ಕೈಕುಲುಕುವಾಗ ಅವರು ಬೆರಳ ನಡುವೆ ಗುಂಡುಸೂಜಿ ಇಟ್ಟುಕೊಂಡು ಚುಚ್ಚಿದರು. ಸ್ವಲ್ಪ ಹೊತ್ತಿಗೆ ಆಕೆ ಚುಚ್ಚಿದ್ದನ್ನು ಮರೆತಳು. ಆದರೆ ಮತ್ತೆ ಕೈ ಚಾಚಿದಾಗ ಹಿಂದಕ್ಕೆ ಎಳೆದುಕೊಂಡಳು. ಕಾರಣ ಕೇಳಿದರೆ ಸರಿಯಾಗಿ ಹೇಳಲು ಆಗಲಿಲ್ಲ. ಎರಡು ವರ್ಷದೊಳಗಿನ ಪ್ರೀತಿ, ಹಸಿವು, ಹೊಡೆತ ಎಲ್ಲ ಹೀಗೇ ಮೈಯಲ್ಲಿ ಉಳಿಯಬಲ್ಲವು. ಹಾಗಾಗಿಯೇ, ಹೇಳಲು ಬರುವ ಒಂದು ಮೊದಲ ನೆನಪಿನಲ್ಲಿ ಇಡೀ ಬಾಲ್ಯವನ್ನು ಹುಡುಕುವುದು ತಪ್ಪು ಪೆಟ್ಟಿಗೆಯಲ್ಲಿ ಕೈ ಹಾಕಿದಂತೆ. ಇದರ ಹಿಂಬದಿಯೂ ಉಂಟು. ಏನೂ ನೆನಪಿಲ್ಲ ಎಂದ ಮಾತ್ರಕ್ಕೆ ಏನೋ ಘೋರ ನಡೆದು ಮುಚ್ಚಿಹೋಗಿದೆ ಎಂದರ್ಥವಲ್ಲ. ಸಂಮೋಹನ ಮಾಡಿ ಹಳೆಯದನ್ನು 'ಹೊರತೆಗೆಯುತ್ತೇವೆ' ಎನ್ನುವವರಿಂದ ದೂರ ಇರಿ. ಹಾಗೆ ಹೊರಬರುವುದರಲ್ಲಿ ಕೇಳಿದವರು ಹಾಕಿದ್ದೆಷ್ಟು, ಒಳಗಿದ್ದದ್ದೆಷ್ಟು ಎಂದು ಬೇರ್ಪಡಿಸುವ ದಾರಿ ಆಮೇಲೆ ಉಳಿಯುವುದಿಲ್ಲ. ಹಳೆಯ ನೆನಪು ನಿಜವಾಗಿಯೂ ನಿದ್ದೆ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ತಮ್ಮಲ್ಲೊಂದು ಕೋರಿಕೆ. ಭಾನುವಾರದ ಪುರವಣಿಗೆ ಓದುಗರಿಂದ 'ನನ್ನ ಮೊದಲ ನೆನಪು' ಬರಹ ಕರೆಯುವುದಿದ್ದರೆ ಬರಹದ ಕೆಳಗೆ ನಾಲ್ಕು ಸಾಲು ಹೆಚ್ಚಿಗೆ ಕೇಳಿ: ಆಗಿನ ವಯಸ್ಸು ಮತ್ತು ಅದನ್ನು ಗೊತ್ತುಮಾಡಿದ ಬಗೆ, ಆ ಘಟನೆಯ ಫೋಟೊ ಮನೆಯಲ್ಲಿ ಇದೆಯೇ ಇಲ್ಲವೇ, ಮನೆಯವರು ಅದನ್ನು ಎಷ್ಟು ಸಲ ಹೇಳಿದ್ದಾರೆ, ಬರೆಯುವವರಿಗೆ ಈಗ ಎಷ್ಟು ವಯಸ್ಸು. ಜಾಗ ಸಾಲದಿದ್ದರೆ ಫೋಟೊದ ಸಾಲೊಂದನ್ನಾದರೂ ಉಳಿಸಿಕೊಳ್ಳಿ.

ಇತಿ ತಮ್ಮ ವಿಶ್ವಾಸಿಗಳು,
ಮನಃಶಾಸ್ತ್ರದ ಇಬ್ಬರು ಉಪಾಸಕರು,
ವಿದ್ಯಾನಗರ, ದಾವಣಗೆರೆ